ಮುಂಭಾಗ ಮುಟ್ಟೋ ಹಾಗಿಲ್ಲ!

ನಮ್ಮ ಸೋದರಮಾವ ಇರುವುದು ಸಿಂಗಪುರದ ವುಡ್‌ಲ್ಯಾಂಡ್ಸ್‌ನಲ್ಲಿ, ಒಂಬತ್ತನೇ ಮಹಡಿಯಲ್ಲಿ. ಆದರೆ ಅವರ ಜೀವವೆಲ್ಲ ಫ್ರಾನ್ಸಿನ ಬಂದರು ಬೋರ್ಡೊದಲ್ಲಿರುವ ಯಾರದೋ ಮನೆಯ ಗೋಡೆಯ ಮೇಲಿದೆ ಎಂದರೆ ನಂಬುತ್ತೀರಾ?

ಹಡಗು ಕಂಪನಿಯೊಂದರ ನೌಕರರಾದ ಮಾವ ಒಮ್ಮೆ ಟ್ರೈನಿಂಗಿಗೆಂದು ಅತ್ತೆಯ ಜೊತೆ ಆ ಊರಿಗೆ ಹೋಗಿದ್ದರು. ಅಲ್ಲಿ ಹದಿನೆಂಟನೇ ಶತಮಾನದ ಮನೆಯೊಂದರ ಬಾಗಿಲ ಮೇಲೆ, ಕಣ್ಣು ಕೆಕ್ಕರಿಸಿ ಹಲ್ಲು ಕಿರಿದ ಕಲ್ಲಿನ ಮುಖವೊಂದಿತ್ತು. ಅಲಂಕಾರಕ್ಕೆ ಕೆತ್ತಿದ್ದು. ವಾಪಸ್ ಬಂದು ನನಗೆ ಅದರ ಫೋಟೊ ತೋರಿಸಿದ ಮಾವ ಒಪ್ಪಬೇಕಲ್ಲ!

"ದೃಷ್ಟಿಬೊಂಬೆ ಕಣೋ! ಇಲ್ದಿದ್ರೆ ಆ ಮನೆ ಇಷ್ಟು ವರ್ಷ ನಿಲ್ತಿತ್ತಾ?"

"ಅದು ಕಾನೂನಿಂದ ನಿಂತಿದೆ ಮಾವ. ಹೆರಿಟೇಜ್ ಬಿಲ್ಡಿಂಗ್. ಮುಂಭಾಗ ಯಾರೂ ಮುಟ್ಟೋ ಹಾಗಿಲ್ಲ. ಒಳಗೆ ಬೇಕಾದ್ರೆ ರಿನೊವೇಟ್ ಮಾಡ್ಕೋಬಹುದು."

ಹೇಳಿದ್ದೇ ತಪ್ಪಾಯಿತು! ವಾರವಿಡೀ ಫೋನು. "ಒಳಗೆಲ್ಲ ಚೇಂಜ್ ಆದ್ಮೇಲೆ ಅದು ಹಳೇ ಮನೆನಾ, ಹೊಸ ಮನೆನಾ?" ಸಿಂಗಪುರದ ಮೆಟ್ರೊ ರೈಲು ಎಂಆರ್‌ಟಿಯಲ್ಲಿ ಇದನ್ನೇ ಯೋಚಿಸುತ್ತ ನಾನು ಇಳಿಯುವ ಸ್ಟೇಷನ್ನೂ ದಾಟಿಹೋಯಿತು. ಉತ್ತರ ಇವತ್ತಿಗೂ ಗೊತ್ತಿಲ್ಲ. ಅತ್ತೆ ಮಾತ್ರ, "ಒಳಗಿರೋರು ಅವರೇ ಆದ್ರೆ ಹಳೇ ಮನೆ ರೀ. ಊಟಕ್ಕೆ ಬನ್ನಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಮಾವ ಆ ಮುಖದ ಫೋಟೊವನ್ನು ಮೊರದಗಲ ಪ್ರಿಂಟ್ ಹಾಕಿಸಿ ತಮ್ಮ ಬಾಗಿಲ ಮೇಲೆ ಅಂಟಿಸಿದರು. ಪಾರ್ಸೆಲ್ ತಂದವನು ಅದನ್ನು ನೋಡಿ ಬೆಲ್ ಒತ್ತದೆ ಪಕ್ಕದ ಮನೆಗೆ ಕೊಟ್ಟು ಓಡಿದ!

ಹೋದ ವರ್ಷ ಅತ್ತೆ ತೀರಿಕೊಂಡರು. ತಿಂಗಳು ಕಳೆಯುವುದರೊಳಗೆ ಮಾವ ಸೋಫಾ, ಪರದೆ, ಅಡುಗೆಮನೆ ಎಲ್ಲ ಬದಲಾಯಿಸಿಬಿಟ್ಟರು. ಇಷ್ಟು ಬೇಗ ಮರೆತರೇ? ನನಗೆ ತಲೆಬುಡ ಅರ್ಥವಾಗಲಿಲ್ಲ, ಕೋಪವೂ ಬಂತು.

ಮೊನ್ನೆ ಮಾವನ ಅಪಾರ್ಟ್‌ಮೆಂಟ್ ಬ್ಲಾಕಿಗೆ ಬಣ್ಣ ಬಳಿಯುತ್ತಾರೆ, ಬಾಗಿಲ ಹೊರಗಿನ ಸಾಮಾನು ತೆಗೆಯಿರಿ ಎಂದು ನೋಟಿಸ್ ಬಂದಿತ್ತು. ಸಹಾಯಕ್ಕೆ ಹೋದೆ. ಬೊಂಬೆಯ ಫೋಟೊ, ಅತ್ತೆ ಹೆಣೆದಿದ್ದ ಮಣಿಯ ತೋರಣ, ಶೂ ರ‍್ಯಾಕಿನಲ್ಲಿ ಅವರ ಚಪ್ಪಲಿ. ಹೊರಗಿನದು ಒಂದೂ ಕದಲಿರಲಿಲ್ಲ. ಚಪ್ಪಲಿಗೆ ಕೈ ಹಾಕಿದೆ.

"ಮುಟ್ಬೇಡ! ಮುಂಭಾಗ ಮುಟ್ಟೋ ಹಾಗಿಲ್ಲ!"

"ಪೇಂಟ್ ಒಣಗೋವರೆಗೆ ಒಳಗಿಡೋಣ ಮಾವ, ಅಷ್ಟೇ."

ಮಾವ ನನ್ನ ಕೈಯಲ್ಲಿದ್ದ ಚಪ್ಪಲಿಯ ಧೂಳು ಒರೆಸಿದರು.

"ಚಪ್ಪಲಿ ಹೊರಗಿದ್ರೆ, ಆಫೀಸಿಂದ ಬಂದಾಗ ಅವಳು ಒಳಗಿದಾಳೆ ಅನ್ಸುತ್ತೆ ಕಣೋ."

ಬಣ್ಣದವರು ಕೆಲಸ ಮುಗಿಸುವವರೆಗೂ ಆ ಚಪ್ಪಲಿ ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದೆ.