ತೊಟ್ಟಿಲಿಗೊಂದು ಗಿಳಿ

ಮಗಳಿಗೆ ಬಹಳ ವರ್ಷಕ್ಕೆ ಹೆಣ್ಣುಕೂಸು ಹುಟ್ಟಿತು. ನಾನು ಅಜ್ಜನಾದೆ! ಜಮಖಂಡಿ ಪೇಟೆಯಲ್ಲಿ ಗುರುತು ಇದ್ದವರಿಗೂ ಇಲ್ಲದವರಿಗೂ ಪೇಢೆ ತಿನ್ನಿಸಿದೆ. ಸಂತೋಷ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಕಟ್ಟಿಗೆಯ ಬಿಲ್ಲೆಯಲ್ಲಿ ಹೂವು-ಹಕ್ಕಿಯ ಜಾಳಿ ಕೊರೆಯುವ ಮಹಾವಿದ್ಯೆಯನ್ನು ಮೊಬೈಲ್ ನೋಡಿ ಕಲಿತಿದ್ದೆ. ಹೊಲಿಗೆ ಮಷೀನಿನ ಸೂಜಿಯಂತೆ ಮೇಲೆ ಕೆಳಗೆ ಕುಣಿಯುವ ಸಣ್ಣ ಗರಗಸವೂ ಮನೆಯಲ್ಲಿತ್ತು. ಮೊಮ್ಮಗಳ ತೊಟ್ಟಿಲಿಗೆ ಗಿಳಿಯ ಬಿಲ್ಲೆ ಕಟ್ಟತಕ್ಕದ್ದೆಂದು ಠರಾವು ಮಾಡಿದೆ.

ಮೊದಲ ಗಿಳಿಯ ಕೊಕ್ಕು ಮುರಿಯಿತು. ಎರಡನೆಯದರ ಕುತ್ತಿಗೆ ಹೋಯಿತು. ಮೂರನೆಯದನ್ನು ಸುತ್ತಲೂ ಕೊಯ್ದುಬಿಟ್ಟೆ. ಗಿಳಿ ಉದುರಿ ಗಿಳಿಯಾಕಾರದ ತೂತು ಉಳಿಯಿತು!

"ಶುಭಕಾರ್ಯದಾಗ ಎಷ್ಟ ಹೆಣಾ ಬೀಳಸ್ತೀರಿ?" ಎಂದಳು ಹೆಂಡತಿ.

"ಸುಮ್ನಿರ. ಹಲಗಿ ಖೊಟ್ಟಿ ಐತಿ, ಕೈ ಛಲೋ ಐತಿ."

ಹಿಂದಿನ ಕೋಣೆಯ ಗೋಣಿಚೀಲದಲ್ಲಿ ಹಳೆಯ ಸಾಗವಾನಿ ಹಲಗೆ ಇಣುಕುತ್ತಿತ್ತು. ಎಂಥ ಕಟ್ಟಿಗೆ! ಬೆಣ್ಣೆಯಂತೆ ಕೊಯ್ಯಿಸಿಕೊಂಡಿತು. ಕೊಕ್ಕು, ಗರಿ, ಬಾಲ ಎಲ್ಲವೂ ಇದ್ದಲ್ಲೇ ಇದ್ದವು. ನನಗೆ ಕಣ್ಣೀರೇ ಬಂತು.

ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸಾವಳಗಿಯಿಂದ ಬೀಗರು ಬಂದರು.

"ಮೊನ್ನಿ ಬಿಚ್ಚಿ ಕಳಿಸಿದ ತೊಟ್ಲಾ ಕೂಡಸ್ರಿ," ಎಂದರು ಬೀಗತಿ. "ನಮ್ಮತ್ತಿ ಕಾಲದ್ದು. ನಮ್ಮನಿ ಕೂಸೆಲ್ಲಾ ಅದರಾಗ ಮಲಗ್ಯಾವ."

ಮೊನ್ನೆಯೂ ನಾನು ಪೇಟೆಯಲ್ಲಿ ಪೇಢೆ ಹಂಚುತ್ತಲೇ ಇದ್ದೆ. ತೊಟ್ಟಿಲು ಬಂದದ್ದು ನನಗೇನು ಗೊತ್ತು!

ಅಳಿಯ ಅದೇ ಗೋಣಿಚೀಲ ಸುರುವಿದ. ಕಾಲು ಬಂದವು, ಸರಪಳಿ ಬಂತು. ಒಂದು ಪಕ್ಕದ ಹಲಗೆ ಬರಲಿಲ್ಲ. ಅದಿಲ್ಲದೆ ಮಲಗಿಸಿದರೆ ಕೂಸು ನೆಲಕ್ಕೆ!

ನನ್ನ ಕೈಯಲ್ಲಿ ಗಿಳಿ ಇತ್ತು.

ಬೀಗತಿ ಅದನ್ನು ಇಸಿದುಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. "ಇಲ್ಲೆ ನಮ್ಮ ಹುಡುಗನ ಹಲ್ಲಿನ ಗುರ್ತ ಐತಲ್ರಿ..."

ಅಳಿಯ ಬಾಯಿ ಮುಚ್ಚಿಕೊಂಡ. ಯಾರೂ ನಗಲಿಲ್ಲ. ಬೀಗತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಗಿಳಿ ಛಲೋ ಆಗೇತ್ರಿ ಬೀಗರ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೆಂಡತಿ ತನ್ನ ಹಳೆಯ ಸೀರೆ ತಂದು ಜಂತಿಗೆ ಜೋಲಿ ಕಟ್ಟಿದಳು. ಕೂಸು ಅದರಲ್ಲೇ ಮಲಗಿ ಆಕಳಿಸಿತು. ಅಜ್ಜನ ಜೀವ ತಡೆಯಲಿಲ್ಲ. ತೂಗೋಣವೆಂದು ಮುಂದೆ ಹೋದೆ.

"ನೀವ್ ಮುಟ್ಟಬ್ಯಾಡ್ರಿ!" ಎಂದು ಹೆಂಗಸರೆಲ್ಲ ಒಟ್ಟಿಗೇ ಕೂಗಿದರು.

ಗರಗಸ ಇಲ್ಲವೆಂದು ಎರಡೂ ಕೈ ಎತ್ತಿ ತೋರಿಸಿದೆ. ಆದರೂ ಬಿಡಲಿಲ್ಲ!