ಅತ್ತೆ ಹೊರಗೆ ಬಂದರು!

ನನ್ನ ವಿಮಾನದ ಫ್ಯೂಸನ್ನು ನಾನೇ ಆರಿಸುತ್ತೇನೆ, ಯಾರ ಸಲಹೆಯೂ ಬೇಡ! ಹೀಗೆಂದು ಘೋಷಿಸಿದ್ದು ಅತ್ತೆಯವರ ಕಾರ್ ಶೆಡ್ಡಿನಲ್ಲಿ, ರೆಕ್ಕೆಯ ಮೇಲೆ ಒಂದು ಕೈಯಿಟ್ಟು, ಫೋಟೋಗೆ ನಿಂತವನ ಹಾಗೆ. ಹೌದು, ವಿಮಾನವೇ. ಇಬ್ಬರು ಕೂರುವಂಥದ್ದು. ರಜೆ, ನಿದ್ದೆ, ಮರ್ಯಾದೆ ಎಲ್ಲವನ್ನೂ ಸುರಿದು ನಾನೇ ಕಟ್ಟುತ್ತಿದ್ದೆ. ಅತ್ತೆ ತಮ್ಮ ಕಾರನ್ನು ಬಿಸಿಲಿಗೆ ಬಿಟ್ಟು ನನಗೆ ಜಾಗ ಕೊಟ್ಟಿದ್ದರು. ಷರತ್ತು ಒಂದೇ: "ಮನೆಗೆ ತೊಂದರೆ ಆಗಬಾರದು, ಅಳಿಯಂದ್ರೇ. ಆಯ್ತೋ, ಮಾರನೇ ದಿನ ಶೆಡ್ಡು ಖಾಲಿ." ಶೆಡ್ಡು ಹೋದರೆ ವಿಮಾನವೂ ಹೋದಂತೆಯೇ. ಅದನ್ನು ಇಡಲು ನನಗೆ ಬೇರೆ ಜಾಗವಿರಲಿಲ್ಲ.

"ಫ್ಯೂಸು ಬೇಡ ಕಣೇ, ಬ್ರೇಕರ್ ಹಾಕ್ತೀನಿ," ಎಂದೆ ಹೆಂಡತಿಗೆ. "ಫ್ಯೂಸು ಒಂದ್ಸಲ ಸುಟ್ರೆ ಮುಗೀತು. ಇದು ಹಾಗಲ್ಲ. ಕರೆಂಟು ಜಾಸ್ತಿ ಆದ್ರೆ ಟಕ್ ಅಂತ ಗುಂಡಿ ಹೊರಗೆ ಬರುತ್ತೆ. ಟ್ರಿಪ್ ಆಗೋದು ಅಂತಾರೆ."

"ನನ್ನನ್ನ ಒಂದು ಟ್ರಿಪ್ಪಿಗೂ ಕರ್ಕೊಂಡು ಹೋಗಲಿಲ್ಲ. ಗುಂಡಿಗೆ ಮಾತ್ರ ಟ್ರಿಪ್ಪು!"

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಬ್ರೇಕರನ್ನು ಅಂಗೈಯಲ್ಲಿಟ್ಟು ಬೆರಗಾಗಿ ನೋಡುತ್ತಿದ್ದೆ. ಹೆಬ್ಬೆರಳಿನಷ್ಟು ವಸ್ತು! ಕಣ್ಣಿಲ್ಲ, ಕಿವಿಯಿಲ್ಲ. ಒಳಗೊಂದು ಲೋಹದ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಗುಂಡಿ ಹೊರಗೆ ನೆಗೆಯುತ್ತದೆ, ಅಷ್ಟೇ. ಇಷ್ಟು ಚಿಕ್ಕದು ಇಬ್ಬರ ಜೀವ ಕಾಯುತ್ತದಲ್ಲ ಅಂತ ಮೈ ಜುಮ್ಮೆಂದಿತು.

ಒಂದೊಂದು ಉಪಕರಣಕ್ಕೆ ಒಂದೊಂದು ಬ್ರೇಕರ್ ಜೋಡಿಸಿ, ಗುಂಡಿಯ ಕೆಳಗೆ ಹೆಸರು ಅಂಟಿಸಲು ಹೊರಟೆ. ಕನ್ನಡದಲ್ಲೇ ಇರಬೇಕೆಂಬುದು ನನ್ನ ಹಠ. ಆದರೆ 'ಭೂಸ್ಪರ್ಶ ಸಮಯದ ದೀಪ' ಅನ್ನುವ ಚೀಟಿ ಪಕ್ಕದ ಗುಂಡಿಗಳನ್ನೆಲ್ಲ ದಾಟಿ ಗಾಜಿನವರೆಗೂ ಹರಿಯಿತು! ಚಿಕ್ಕ ಹೆಸರು ಬೇಕು, ಮರೆಯಲೂಬಾರದು. ನೆಂಟರ ಹಾಗೆ ಮರೆಯಲಾಗದ್ದು ಬೇರೆ ಏನಿದೆ? ಮಾತು ನಿಲ್ಲಿಸದ ರೇಡಿಯೋಗೆ 'ಅಕ್ಕ' ಎಂದಿಟ್ಟೆ. ಇಳಿಯುವಾಗ ಮಾತ್ರ ಬೇಕಾಗುವ ದೀಪಕ್ಕೆ, ಊಟದ ಹೊತ್ತಿಗೆ ಸರಿಯಾಗಿ ಬಂದಿಳಿಯುವ ಅವಳ ಗಂಡ, 'ಭಾವ'. ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗೆ 'ಅತ್ತೆ'. ಎಲ್ಲವನ್ನೂ ಒಟ್ಟಿಗೆ ಆರಿಸುವ ಮುಖ್ಯ ಸ್ವಿಚ್ಚಿಗೆ ಹೆಂಡತಿಯ ಹೆಸರಿಟ್ಟೆ. ಕಾರಣ ಹೇಳಬೇಕಾಗಿಲ್ಲ.

ಪರೀಕ್ಷೆಯ ದಿನ ಬಂತು. ಹೆಂಡತಿ ಒಳಗೆ ಸೀಟಿನಲ್ಲಿ ಕೂತಳು. ನಾನು ಇಂಜಿನ್ನಿನ ಕೆಳಗೆ ತಲೆ ತೂರಿಸಿ ಮಲಗಿದೆ. ಗೋಡೆಯಾಚೆ ಅಡುಗೆಮನೆಯಲ್ಲಿ ಅತ್ತೆ ಪಕ್ಕದ ಮನೆಯಾಕೆಯ ಜೊತೆ ಹರಟುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

"ಅಕ್ಕನ್ನ ಒತ್ತು!" ಎಂದು ಕೂಗಿದೆ.

"ಒತ್ತಿದೆ ರೀ! ಗೊರಗೊರ ಅಂತಿದಾರೆ!"

"ಬಾಯಿ ಮುಚ್ಚಿಸು! ಈಗ ಭಾವ!"

"ಭಾವ ಚೆನ್ನಾಗಿ ಉರೀತಿದಾರೆ!"

"ಶಭಾಷ್! ಈಗ ಅತ್ತೆ!"

ಟಕ್! "ಅತ್ತೆ ಹೊರಗೆ ಬಂದ್ರು ರೀ!"

"ಒಳಗೆ ತಳ್ಳು!"

ಟಕ್! "ಮತ್ತೆ ಬಂದ್ರು!"

"ಇವರದ್ದು ಯಾವಾಗ್ಲೂ ಇದೇ ಗೋಳು! ತಾಳು, ಅತ್ತೇನ ಕಿತ್ತು ಬಿಸಾಕಿ ಆ ಜಾಗದಲ್ಲಿ ಭಾವನ್ನ ಕೂರಿಸ್ತೀನಿ. ಅವರ ಸೈಜು ದೊಡ್ಡದು, ಎಷ್ಟು ತುಂಬಿದ್ರೂ ತಡ್ಕೋತಾರೆ!"

ಗೋಡೆಯಾಚೆ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಬೆಕ್ಕಿರಬೇಕು ಅಂದುಕೊಂಡೆ.

ಕಿತ್ತೆ, ಕೂರಿಸಿದೆ, ಒತ್ತಿದೆ. ಭಾವ ಅಲ್ಲಾಡಲಿಲ್ಲ. ಗೆದ್ದೆ ಅಂತ ಕೈಯೆತ್ತುವಷ್ಟರಲ್ಲಿ ಸೀಟಿನ ಕೆಳಗಿಂದ ಕಮರು ವಾಸನೆ, ಹಿಂದೆಯೇ ದಟ್ಟ ಹೊಗೆ! ಹೆಂಡತಿ ತನ್ನ ಹೆಸರಿನ ಸ್ವಿಚ್ಚನ್ನು ತಾನೇ ಆರಿಸಿ ಕೆಳಗೆ ಹಾರಿದಳು. ಪುಣ್ಯಕ್ಕೆ ಟ್ಯಾಂಕಿಗೆ ಇನ್ನೂ ಪೆಟ್ರೋಲ್ ಹಾಕಿರಲಿಲ್ಲ.

ಹೊಗೆ ತಿಳಿಯಾದಾಗ ಬಾಗಿಲಲ್ಲಿ ಅತ್ತೆ ಕಂಡರು. ಹಿಂದೆ ಪಕ್ಕದ ಮನೆಯಾಕೆ.

"ಯಾರನ್ನ ಕಿತ್ತು ಬಿಸಾಕೋದು, ಅಳಿಯಂದ್ರೇ?"

"ಅದು... ನೀವಲ್ಲ ಅತ್ತೆ... ಅಂದ್ರೆ, ನೀವೇ, ಆದ್ರೆ..."

"ಒಳಗೆ ತಳ್ಳೋದೂ ಕೇಳಿಸ್ತು ನಮಗೆ," ಎಂದು ಪಕ್ಕದ ಮನೆಯಾಕೆ ನೆನಪಿಸಿದರು.

"ನಾಳೆ ಶೆಡ್ಡು ಖಾಲಿ ಆಗ್ಬೇಕು," ಎಂದರು ಅತ್ತೆ. ಇಷ್ಟು ವರ್ಷ ಕಟ್ಟಿದ ವಿಮಾನ ಬೀದಿಪಾಲು!

ಅಷ್ಟರಲ್ಲಿ ಹೆಂಡತಿ ಸೀಟು ಎತ್ತಿ ಕರೆದಳು. "ಅಮ್ಮಾ, ಸ್ವಲ್ಪ ಇಲ್ಲಿ ನೋಡು. ಸೀಟಿನ ಕಂಬಿ ತಾಗಿ ತಾಗಿ ಪಂಪಿನ ತಂತಿ ಸಿಪ್ಪೆ ಸುಲಿದುಹೋಗಿದೆ. ಆ ಪಂಪಿನ ಗುಂಡಿಗೆ ಇಟ್ಟಿರೋದು ನಿನ್ನ ಹೆಸರು. ತಂತಿ ಹೀಗಾಗಿದೆ ಅಂತ ಹೇಳೋಕೇ ನೀನು ಎರಡು ಸಲ ಹೊರಗೆ ಬಂದೆ. ಇವರು ಕೇಳಲಿಲ್ಲ."

ನಾನೂ ಬಗ್ಗಿ ನೋಡಿದೆ. ಬರಿ ತಾಮ್ರ ಹೊಳೆಯುತ್ತಿತ್ತು, ಸುತ್ತ ಕರಕಲು. ಆಗ ತಲೆಗೆ ಹೋಯಿತು: ಬ್ರೇಕರಿನ ಸೈಜನ್ನು ತಂತಿ ತಡೆಯುವಷ್ಟಕ್ಕೆ ಆರಿಸಬೇಕು, ನಮ್ಮ ಜಂಬಕ್ಕೆ ತಕ್ಕಂತಲ್ಲ. ಭಾವ ಎಷ್ಟಾದರೂ ತಡೆದುಕೊಂಡರು, ತಂತಿ ಸುಟ್ಟಿತು. ಇದೇ ಹೊಗೆ ಆಕಾಶದಲ್ಲಿ ಎದ್ದಿದ್ದರೆ, ಪಕ್ಕದ ಸೀಟಿನಲ್ಲಿ ಇವಳೇ ಕೂತಿರುತ್ತಿದ್ದಳು! ಕಣ್ಣಿಗೆ ಕಾಣದ್ದನ್ನು ಆ ಪುಟ್ಟ ಗುಂಡಿ ಕಂಡಿತ್ತು, ನಾನು ಅದನ್ನೇ ಕಿತ್ತು ಬಿಸಾಕಿದ್ದೆ.

ಅತ್ತೆ ನೆಲದಿಂದ ಅದನ್ನು ಎತ್ತಿ ಸೆರಗಿನಿಂದ ಒರೆಸಿದರು. "ಇದು ನಾನಾ?"

"ಹೂಂ ಅತ್ತೆ."

"ನಾನಿಲ್ಲದಿದ್ರೆ?"

"ಇಂಜಿನ್ನಿಗೆ ಪೆಟ್ರೋಲೇ ಹೋಗಲ್ಲ. ವಿಮಾನ ಮೇಲೇಳಲ್ಲ."

ಅತ್ತೆ ಪಕ್ಕದ ಮನೆಯಾಕೆಯ ಕಡೆ ತಿರುಗಿ, ಕೇಳಿಸಿತಾ ಎನ್ನುವಂತೆ ನೋಡಿದರು. "ಸರಿ, ಶೆಡ್ಡು ಇರಲಿ. ಆದ್ರೆ ಇನ್ಮೇಲೆ ನಾನು ಹೊರಗೆ ಬಂದ್ರೆ ತಳ್ಳಕೂಡದು. ಯಾಕೆ ಬಂದೆ ಅಂತ ಮೊದ್ಲು ಕೇಳ್ಬೇಕು."

ಅಬ್ಬಾ! ವಿಮಾನ ಕಟ್ಟುವವರೆಲ್ಲ ನನಗೆ ಬಾಯಿ ನೋಯುವಷ್ಟು ಹೇಳಿದ್ದೂ ಇದನ್ನೇ!

ಅತ್ತೆ ಕನ್ನಡಕ ಏರಿಸಿ ಒಂದೊಂದೇ ಗುಂಡಿಯ ಹೆಸರನ್ನು ಓದುತ್ತಾ ಸಾಲಿನ ತುದಿಗೆ ಬಂದರು. "ಇಲ್ಲೊಬ್ಬ ಕೂತಿದಾನಲ್ಲ, ಹೆಸರೇ ಇಲ್ಲ. ಇವನಿಗೆ ಏನು ಕೆಲಸ?"

"ಕೆಲಸ ಏನೂ ಇಲ್ಲ ಅತ್ತೆ. ತಂತೀನೂ ಕೊಟ್ಟಿಲ್ಲ. ಸುಮ್ನೆ ತೂತು ಮುಚ್ಚಲಿ ಅಂತ ಕೂರಿಸಿದೀನಿ."

ಅತ್ತೆ ಸಮಾಧಾನದಿಂದ ಕನ್ನಡಕ ತೆಗೆದು ಮಗಳಿಗೆ ಹೇಳಿದರು: "ಮನೆಯವರೆಲ್ಲ ಇದಾರೆ, ಅಳಿಯಂದ್ರು ಮಾತ್ರ ಎಲ್ಲೂ ಕಾಣ್ಲಿಲ್ಲವಲ್ಲ ಅಂತ ಆಗಿಂದ ಹುಡುಕ್ತಿದ್ದೆ. ಸಿಕ್ಕಿದ್ರು ಬಿಡು!"