ಸುವರ್ಣಮ್ಮನ ಮೊಣಕಾಲಿನ ಖರ್ಚು

ಜಂಬುನಾಥ ತನ್ನ ಪಾಡಿಗೆ ತಾನು ಹಲ್ಲುಜ್ಜುತ್ತಿದ್ದ. ಕಾಂಪೌಂಡಿನ ಆಚೆ ಉಜ್ಜಿನಪ್ಪ ಇರದಿದ್ದರೆ ಅವನು ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ, ಎಂದಿನಂತೆ ಕಚೇರಿಗೆ ಹೋಗುತ್ತಿದ್ದ, ಈ ಕತೆಯೂ ಹುಟ್ಟುತ್ತಿರಲಿಲ್ಲ. ಆದರೆ ಉಜ್ಜಿನಪ್ಪ ಮೂವತ್ತು ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಕೂತು ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದ ಮನುಷ್ಯ. ಈಗ ಬಿಲ್ಲುಗಳು ಸಿಗದೆ ನೆರೆಮನೆಯವರ ಬದುಕಿನಲ್ಲೇ ಹುಡುಕುತ್ತಿದ್ದ.

ಈ ಸಲ ತೆರಿಗೆ ಎಷ್ಟು ಮುರಿಯುತ್ತಾರೆ ಎಂದು ಅವನು ಗೋಡೆಯ ಮೇಲಿಂದ ಕೇಳಿದ. ಜಂಬುನಾಥ ಬಾಯಲ್ಲಿ ನೊರೆ ಇಟ್ಟುಕೊಂಡೇ ಹೇಳಿದ. ವರ್ಷದ ಬಾಕಿ ತೆರಿಗೆಯನ್ನೆಲ್ಲ ಫೆಬ್ರವರಿ ಸಂಬಳದಲ್ಲಿ ಒಟ್ಟಿಗೆ ಕತ್ತರಿಸುವುದು ಅವನ ಕಚೇರಿಯ ಪದ್ಧತಿ. ಕಾಗದಪತ್ರ ಕೊಡಲು ಅವತ್ತು ಸಂಜೆಯೇ ಕೊನೆ. ಅವನ ಹತ್ತಿರ ಕೊಡಲು ಏನೂ ಇರಲಿಲ್ಲ, ಆದ್ದರಿಂದ ಆತುರವೂ ಇರಲಿಲ್ಲ.

ಇದ್ದ ಆತುರವೆಲ್ಲ ಹೆಂಡತಿ ಸುನಂದಾಳದು, ಅದೂ ಕೂಲರಿಗಾಗಿ. ಬೇರೆ ಊರುಗಳಲ್ಲಿ ಚಳಿ ಶಿವರಾತ್ರಿಗೆ ಶಿವಶಿವ ಅನ್ನುತ್ತ ಹೋಗುತ್ತದಂತೆ. ಬಳ್ಳಾರಿಯಲ್ಲಿ ಅದು ಬಂದಿತ್ತೋ ಇಲ್ಲವೋ ಎಂಬುದರಲ್ಲೇ ಜನಕ್ಕೆ ಅನುಮಾನ. ಕೋಟೆಗುಡ್ಡದ ಬಂಡೆ ಕಾಯಲು ಶುರುವಾದರೆ ಇವರ ಮನೆಯ ಫ್ಯಾನು ಬಿಸಿಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವ ಕೆಲಸ ಮಾತ್ರ ಮಾಡುತ್ತಿತ್ತು. ಸುನಂದಾ ಜೋಳದ ಡಬ್ಬಿಯಲ್ಲಿ ಆರು ಸಾವಿರ ಕೂಡಿಟ್ಟಿದ್ದಳು, ಅಂದರೆ ಅರ್ಧ ಕೂಲರ್. ಅದನ್ನು ಆ ದಿನ ಬೆಳಿಗ್ಗೆಯೇ ಗಂಡನ ಜೇಬಿಗೆ ಹಾಕಿ, ಅಂಗಡಿಗೆ ಮುಂಗಡ ಕೊಟ್ಟು ಬಾ, ಬ್ಯಾಂಕಿಗೆ ಮಾತ್ರ ಕಟ್ಟಬೇಡ ಎಂದು ಎಚ್ಚರಿಸಿದ್ದಳು. ಜಂಬುನಾಥನ ಖಾತೆಗೆ ಬಿದ್ದ ದುಡ್ಡು ಹೋದ ವರ್ಷದ ಸಾಲದ ಕಂತಿಗೆ ತಾನಾಗಿ ಹೋಗುತ್ತಿತ್ತು. ಉಳಿದರ್ಧ ಎಲ್ಲಿಂದ ಬರಬೇಕೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಉಜ್ಜಿನಪ್ಪ ಗೋಡೆಯ ಮೇಲೆ ಮೊಣಕೈ ಊರಿದ.

"ನಿಮ್ಮವ್ವಗ ಅರವತ್ತು ದಾಟೇತಿ. ಆಕಿ ಹೆಸರಿನ್ಯಾಗ ವಿಮಾ ಇಲ್ಲ. ನೀ ಇನ್ನಾ ಹಳೇ ತೆರಿಗಿ ಪದ್ಧತಿಯೊಳಗ ಅದೀ. ಆಕಿ ದವಾಖಾನಿಗೆ ನೀ ಹಾಕಿದ ಖರ್ಚು ಆದಾಯದಾಗ ಕಳೀತೈತಿ. ಯಾರೂ ಹೇಳಿಲ್ಲೇನು ನಿನಗ?"

ಜಂಬುನಾಥ ನೊರೆ ನುಂಗಿಬಿಟ್ಟ. ಅವನ ತಾಯಿ ಸುವರ್ಣಮ್ಮ ಮೊಣಕಾಲು ನೋವೆಂದು ಹದಿನೈದು ದಿನಕ್ಕೊಮ್ಮೆ ಕುರುಗೋಡಿನ ಜಡೆಪ್ಪ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಫೀಜು, ಸೂಜಿ, ಗುಳಿಗೆ ಎಂದು ಪ್ರತಿಸಲ ಸಾವಿರ ರೂಪಾಯಿ ಮಗನೇ ಕೊಡುತ್ತಿದ್ದ. ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ. ಅದರ ಮೇಲಿನ ತೆರಿಗೆ ಉಳಿದರೆ ಹತ್ತಿರಹತ್ತಿರ ಅರ್ಧ ಕೂಲರ್ ಆಯಿತು. ಅವನಿಗೆ ತಾಯಿಯ ಮೊಣಕಾಲಿನ ಮೇಲೆ ಇದ್ದಕ್ಕಿದ್ದಂತೆ ಅಪಾರ ಪ್ರೀತಿ ಉಕ್ಕಿತು.

"ಫೋನಿನ್ಯಾಗ ಹಾಕಿದ್ದೋ, ನಗದೋ?" ಎಂದ ಉಜ್ಜಿನಪ್ಪ.

"ನಗದು."

"ಹಂಗಾದ್ರ ಸತ್ತಿ. ನಗದು ಲೆಕ್ಕಕ್ಕ ಬರಾಂಗಿಲ್ಲ."

ಬಂದ ಪ್ರೀತಿ ಇಳಿಯುವಷ್ಟರಲ್ಲಿ ಉಜ್ಜಿನಪ್ಪ ತಾನೇ ದಾರಿಯನ್ನೂ ಹೇಳಿಕೊಟ್ಟ. ಡಾಕ್ಟರಿಂದ ವರ್ಷದ ನಗದನ್ನೆಲ್ಲ ವಾಪಸ್ ಇಸಿದುಕೊಳ್ಳುವುದು, ನಿಂತ ನಿಲುವಿನಲ್ಲೇ ಅಷ್ಟನ್ನೇ ಅವರಿಗೆ ಫೋನಿನಲ್ಲಿ ಹಾಕುವುದು, ಒಂದು ರಸೀದಿ ಬರೆಸಿಕೊಳ್ಳುವುದು. ಡಾಕ್ಟರಿಗೆ ನಷ್ಟವಿಲ್ಲ, ಸರ್ಕಾರಕ್ಕೆ ಗೊತ್ತಾಗುವುದಿಲ್ಲ, ಜಂಬುನಾಥನಿಗೆ ಕೂಲರ್. ಖಾತೆಯಲ್ಲಿ ಅಷ್ಟಿಲ್ಲದಿದ್ದರೆ ಇದ್ದಷ್ಟು ಹಾಕಿ, ಅದನ್ನೇ ಡಾಕ್ಟರಿಂದ ವಾಪಸ್ ಹಾಕಿಸಿಕೊಂಡು ತಿರುತಿರುಗಿ ಹಾಕಿದರಾಯಿತು ಎಂದ. ಮೂವತ್ತು ವರ್ಷ ಜನರನ್ನು ಇಂಥ ಕೆಲಸಕ್ಕೇ ಹಿಡಿದುಹಾಕಿದ ಅನುಭವ ಅವನದು.

ಅವತ್ತು ಹೇಗೂ ಸುವರ್ಣಮ್ಮ ಕುರುಗೋಡಿಗೆ ಹೋಗುವ ದಿನ. ತಾನೂ ಬರುತ್ತೇನೆ, ಫೀಜನ್ನು ಫೋನಿನಲ್ಲೇ ಹಾಕುತ್ತೇನೆ ಎಂದು ಮಗ ಹೇಳಿದಾಗ ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿ ಅವನ ಮುಖ ನೋಡಿದಳು. ಅರವತ್ತೆಂಟರ ಹೆಂಗಸು, ಸಿರುಗುಪ್ಪ ಕಡೆಯ ದೇಶನೂರಿನವಳು, ಗದ್ದೆ ನಾಟಿ ಮಾಡಿ ಗಟ್ಟಿಯಾದ ಮೈ. ಕಚೇರಿ ಬಿಡಬೇಡ ಎಂದಳು, ಬಿಸಿಲು ಎಂದಳು, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎಂದಳು. ಯಾವುದೂ ನಡೆಯದಿದ್ದಾಗ ಶಾಸ್ತ್ರ ತೆಗೆದಳು.

"ವೈದ್ಯಗ ಕೊಡೋದು ಕೈಯಾಗ ಇಡಬೇಕಪ. ಆತನ ಕೈಗುಣ ಅಂತ ಐತಿ. ಫೋನಿಗೆ ಹಾಕಿದ್ರ ಫೋನಿಗೆ ಗುಣ ಆಗ್ತೈತಿ, ನನ್ನ ಮೊಣಕಾಲಿಗೆ ಆಗಾಂಗಿಲ್ಲ."

ಜಂಬುನಾಥ ಅರ್ಧ ದಿನದ ರಜೆಗೆ ಫೋನು ಮಾಡಿದ.

ಬಸ್ ನಿಲ್ದಾಣದಲ್ಲಿ ಕುರುಗೋಡಿನ ಬಸ್ಸು ಇನ್ನೂ ಪೂರಾ ನಿಂತಿರಲಿಲ್ಲ. ಮೊಣಕಾಲು ನೋವಿನ ಸುವರ್ಣಮ್ಮ ಆಗಲೇ ಹತ್ತಿ ಕಿಟಕಿ ಪಕ್ಕ ಕೂತಿದ್ದಳು. ನೋವಿಲ್ಲದ ಜಂಬುನಾಥ ಕಂಬ ಹಿಡಿದು ನಿಂತ. ನಿಂತವನು ಸುಮ್ಮನಿರಬೇಕಿತ್ತು. ನಗದಿನ ದುಷ್ಪರಿಣಾಮಗಳ ಬಗ್ಗೆ ತಾಯಿಗೆ ಬುದ್ಧಿ ಹೇಳಲು ಶುರುಮಾಡಿದ, ಕೋಳೂರು ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ಅವನ ತೆರಿಗೆ ವಿಷಯ ಗೊತ್ತಾಗಿತ್ತು. ಹಿಂದಿನ ಸೀಟಿನ ಮೇಷ್ಟ್ರೊಬ್ಬರು ಬರೀ ಮೊಣಕಾಲೇ ಎಂದು ಕೇಳಿದರು. ದೊಡ್ಡ ರೋಗಗಳಿಗೆ ಬೇರೆಯೇ ವಿನಾಯಿತಿ ಉಂಟು, ಅದರಲ್ಲಿ ಇನ್ನೂ ಹೆಚ್ಚು ಕಳೆಯುತ್ತದೆ ಎಂದರು. ಅವರ ಮಾವನಿಗೆ ಅಂಥದ್ದೊಂದು ಬಂದು ಆ ವರ್ಷ ತೆರಿಗೆಯೇ ಬೀಳಲಿಲ್ಲವಂತೆ. ಬಸ್ಸಿನವರೆಲ್ಲ ಸುವರ್ಣಮ್ಮನನ್ನು, ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ರ‍್ಯಾಂಕು ತಪ್ಪಿದವಳಂತೆ ನೋಡಿದರು. ಅವಳು ಸೆರಗು ಎಳೆದುಕೊಂಡು ಕಿಟಕಿಯ ಆಚೆ ಮೆಣಸಿನಕಾಯಿ ಹೊಲ ನೋಡುತ್ತಿದ್ದಳು.

ಜಡೆಪ್ಪ ಡಾಕ್ಟರ ದವಾಖಾನೆ ಬಸವೇಶ್ವರ ಗುಡಿಗೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತು ದಾಟಿದ ಡಾಕ್ಟರು, ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ ದೇವರು. ಬೆಂಚಿನ ತುಂಬ ರೋಗಿಗಳು. ಆದರೆ ಸುವರ್ಣಮ್ಮ ಬಾಗಿಲಿಗೆ ಬಂದ ಕೂಡಲೇ ಕಾಂಪೌಂಡರ್ ಓಬಳೇಶ ಎದ್ದು ನಿಂತ. ಒಂದು ತಂಬಿಗೆ ನೀರು ತಂದುಕೊಟ್ಟ. ಅವಳು ಮೂಲೆಯಲ್ಲಿ ಎಡಗಾಲು ತೊಳೆದುಕೊಂಡಳು. ಬೆಂಚಿನ ಮೇಲಿದ್ದ ದೇಶನೂರಿನ ರೈತನೊಬ್ಬ ಬಗ್ಗಿ ಅವಳ ಪಾದ ಮುಟ್ಟಿ, ಕಾಲು ಹೆಂಗೈತವ್ವ ಎಂದು ಬಹಳ ಕಾಳಜಿಯಿಂದ ಕೇಳಿದ. ಚೊಲೋ ಐತಿ ಎಂದು ಇವಳು ಹೇಳಿದಳು. ತನ್ನ ತಾಯಿಯ ಮೊಣಕಾಲಿನ ಚಿಂತೆ ಸಿರುಗುಪ್ಪ ತಾಲೂಕಿನವರೆಗೂ ಹಬ್ಬಿದೆಯಲ್ಲ ಎಂದು ಜಂಬುನಾಥನಿಗೆ ಕಣ್ಣು ಒದ್ದೆಯಾಯಿತು.

ಸುವರ್ಣಮ್ಮ ಸಾಲನ್ನು ದಾಟಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ಹಿಂದೆಯೇ ಹೊರಟ ಜಂಬುನಾಥನನ್ನು ಓಬಳೇಶ ತಡೆದ. ಆಯಮ್ಮ ಒಳಗಿದ್ದಾಗ ಯಾರನ್ನೂ ಬಿಡಬಾರದೆಂದು ಡಾಕ್ಟರ ಅಪ್ಪಣೆಯಂತೆ. ಮಗ ಎಂದರೂ ಕೇಳಲಿಲ್ಲ, ಸಂಜೆಯೊಳಗೆ ಕಚೇರಿಗೆ ಹೋಗಬೇಕು ಎಂದರೂ ಕೇಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ "ಅಯ್ಯಯ್ಯೋ, ಯವ್ವಾ" ಎಂಬ ನರಳಿಕೆ ಕೇಳಿಸಿತು. ತಾಯಿಯ ದನಿಯಾಗಿದ್ದರೆ ಸೂಜಿ ಚುಚ್ಚುತ್ತಿರಬೇಕೆಂದು ಅವನು ಸುಮ್ಮನಿರುತ್ತಿದ್ದ. ಅದು ಗಂಡಸಿನ ದನಿ. ಜಂಬುನಾಥ ಓಬಳೇಶನ ಕಂಕುಳ ಕೆಳಗೆ ನುಸುಳಿ ಬಾಗಿಲು ತಳ್ಳಿದ.

ರೋಗಿಗಳು ಮಲಗುವ ಮಂಚದ ಮೇಲೆ ಡಾಕ್ಟರು ಬೋರಲು ಮಲಗಿದ್ದರು. ಕೊರಳಿನ ಸ್ಟೆತಾಸ್ಕೋಪು ನೆಲ ಮುಟ್ಟುತ್ತಿತ್ತು. ಸುವರ್ಣಮ್ಮ ಒಂದು ಕೈಯಲ್ಲಿ ಸಲೈನ್ ಬಾಟಲಿಯ ಕಂಬ ಹಿಡಿದು, ಎಡಗಾಲನ್ನು ಅವರ ಸೊಂಟದ ಮೇಲಿಟ್ಟು ಮೆಲ್ಲಗೆ ಒತ್ತುತ್ತಿದ್ದಳು.

"ಬಾಗಲಾ ಹಾಕ್ಕೋ" ಎಂದಳು, ಕಾಲು ತೆಗೆಯದೆ.

ಆಮೇಲೆ ತಿಳಿದದ್ದು ಇಷ್ಟು. ಸುವರ್ಣಮ್ಮ ಹುಟ್ಟಿದ್ದು ಕಾಲು ಮುಂದಾಗಿ. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ತಾಯಿ ತವರಿಗೆ ಹೋದಾಗಲೆಲ್ಲ ದೇಶನೂರಿನಲ್ಲಿ ಅಜ್ಜಿಯ ಮನೆಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಜಂಬುನಾಥನಿಗೆ ಈಗ ನೆನಪಾಯಿತು. ಚಿಕ್ಕಂದಿನಲ್ಲಿ ಅವನು ಅವರೆಲ್ಲ ಮಜ್ಜಿಗೆಗೆ ಬಂದವರೆಂದು ತಿಳಿದಿದ್ದ. ಹೋದ ವರ್ಷ ಡಾಕ್ಟರ ಸೊಂಟ ಹಿಡಿದು, ತಾವೇ ಬರೆದುಕೊಂಡ ಗುಳಿಗೆಗೆ ಬಗ್ಗದೆ, ಬಳ್ಳಾರಿಯ ದೊಡ್ಡ ಡಾಕ್ಟರುಗಳಿಗೂ ಬಗ್ಗದೆ, ಕೊನೆಗೆ ಮೊಣಕಾಲು ತೋರಿಸಲು ಬಂದಿದ್ದ ಸುವರ್ಣಮ್ಮನ ಎರಡು ಒತ್ತಿಗೆ ಬಿಟ್ಟಿತ್ತು. ಮೊಣಕಾಲು ಮೊದಲ ವಾರವೇ ವಾಸಿಯಾಗಿತ್ತು. ಅಂದಿನಿಂದ ಅವಳು ಬರುತ್ತಿದ್ದದ್ದು ರೋಗಿಯಾಗಿ ಅಲ್ಲ.

ಡಾಕ್ಟರು ಶರ್ಟು ಸರಿಮಾಡಿಕೊಂಡು ಎದ್ದು ಕೂತರು. "ಊರಾಗ ಗೊತ್ತಾದ್ರ ನಾ ಬೋರ್ಡು ಇಳಿಸಬೇಕಾಗ್ತೈತಿ. ಅದಕ್ಕ ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಮುಗಿದಿದ್ದೆ" ಎಂದರು.

"ಫೀಜು?" ಎಂದ ಜಂಬುನಾಥ.

"ಕೊಡ್ತೀನಲ್ಲ. ಬಂದಾಗೆಲ್ಲ ಇನ್ನೂರೈವತ್ತು."

ಇಪ್ಪತ್ತನಾಲ್ಕು ಸಾವಿರದ ಖರ್ಚು ಹುಡುಕಿಕೊಂಡು ಬಂದವನಿಗೆ ಸಿಕ್ಕಿದ್ದು ಆರು ಸಾವಿರದ ಆದಾಯ. ತಾನು ಕೊಟ್ಟ ಸಾವಿರ ಸಾವಿರ ಎಲ್ಲಿ ಹೋಯಿತೆಂದು ಅವನು ತಾಯಿಯ ಕಡೆ ತಿರುಗಿದ. ಸುವರ್ಣಮ್ಮ ಸೀರೆಯ ಅಂಚಿನಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದಳು.

"ರೊಕ್ಕ ಬ್ಯಾಡ ಅಂದಿದ್ರ ಯಾಕ ಅಂತ ಕೇಳ್ತಿದ್ದಿ. ಹದಿನೈದು ದಿನಕ್ಕೊಮ್ಮಿ ಮಿರ್ಚಿ, ಮಂಡಕ್ಕಿ ಒಗ್ಗರಣಿ ಕಟ್ಟಿಸ್ಕೊಂಡು ಬರ್ತಿದ್ನಲ್ಲ, ಅದು ಯಾರ ದುಡ್ಡು ಅಂತ ಮಾಡಿದಿ? ನಿನ್ನ ಫೀಜು ನೀನೇ ತಿಂದಿ. ಉಳಿದದ್ದು, ಡಾಕ್ಟ್ರು ಕೊಟ್ಟದ್ದು, ಎಲ್ಲಾ ನಮ್ಮ ಓಣಿ ಎರ್ರಮ್ಮನ ಚೀಟಿಗೆ ಕಟ್ಟೀನಿ. ದೀಪಾವಳಿಗೆ ಬರ್ತೈತಿ. ಆಗ ಕೂಲರ್ ತರೋಣಂತ."

ಸಿಟ್ಟು ಬಂದಿತ್ತು ಜಂಬುನಾಥನಿಗೆ. ಆದರೆ ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ಮನ್ಯಾಗ ಕುಂತ ಮುದುಕಿಯಿಂದ ಒಬ್ರಿಗೆ ಆರಾಮ ಆಗ್ತೈತಿ ಅಂದ್ರ ನನಗ ಖುಷಿ ಆಗ್ತಿತ್ತಪ. ಅದಕ್ಕ ಬಿಡಾಕ ಮನಸು ಬರಲಿಲ್ಲ." ಅವನ ಸಿಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ಹೊರಟುಹೋಯಿತು.

ಅಲ್ಲಿಗೆ ಅವನು ನಮಸ್ಕಾರ ಹೇಳಿ ಎದ್ದು ಬರಬಹುದಿತ್ತು. ಡಾಕ್ಟರು, ಇಷ್ಟು ದೂರ ಬಂದದ್ದು ಯಾಕೆ ಎಂದು ವಿಚಾರಿಸಿದರು. ಬಾಯಿ ಸುಮ್ಮನಿರದೆ ಜಂಬುನಾಥ ಎಲ್ಲವನ್ನೂ ಹೇಳಿದ, ಅರವತ್ತು ದಾಟಿದವರ ವಿನಾಯಿತಿ, ನಗದು ನಡೆಯದಿರುವುದು, ಉಜ್ಜಿನಪ್ಪನ ದಾರಿ, ಯಾವುದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಡಾಕ್ಟರ ಮುಖ ಅರಳಿತು.

"ನನಗೂ ಅರವತ್ತು ದಾಟೇತಿ. ನಂದೂ ವಿಮಾ ಇಲ್ಲ" ಎಂದರು.

ಜಂಬುನಾಥ ನಕ್ಕ. ಡಾಕ್ಟರು ನಗಲಿಲ್ಲ. ಸೊಂಟದ ಚಿಕಿತ್ಸೆಗೆ ವರ್ಷವೆಲ್ಲ ನಗದು ಕೊಟ್ಟು ತಾವು ಕೆಟ್ಟೆವಲ್ಲ ಎಂದು ಪೇಚಾಡಿ, ಉಜ್ಜಿನಪ್ಪನಿಗೆ ಫೋನು ಹಚ್ಚಿಸಿದರು. ಕಾಲಿನಿಂದ ಮಾಡಿದ್ದು ಚಿಕಿತ್ಸೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಉಜ್ಜಿನಪ್ಪ, ಬಹಳ ದಿನದ ಮೇಲೆ ಕಡತ ಸಿಕ್ಕವನಂತೆ, ಹಿಗ್ಗಿದ. ಕೈಯಿಂದಲೇ ಮಾಡಬೇಕೆಂದು ಎಲ್ಲೂ ಬರೆದಿಲ್ಲ, ರಸೀದಿ ಇದ್ದರೆ ಸಾಕು ಎಂದು ತೀರ್ಪು ಕೊಟ್ಟ.

ಸುವರ್ಣಮ್ಮನ ಹತ್ತಿರ ಬ್ಯಾಂಕಿನ ಫೋನಿರಲಿಲ್ಲ, ಮಗನ ಹತ್ತಿರ ಇತ್ತು. ಅವಳು ವಾಪಸ್ ಕೊಡಬೇಕಾದ ನಗದು ಚೀಟಿಯಲ್ಲಿತ್ತು, ಅಷ್ಟೇ ನಗದು ಮಗನ ಜೇಬಿನಲ್ಲಿತ್ತು. ಸುತ್ತಲಿನ ಹಳ್ಳಿಗಳ ದೇವರೇ ಹೀಗೆ ಕೇಳುವಾಗ ಇಲ್ಲವೆನ್ನುವುದು ಜಂಬುನಾಥನ ಸ್ವಭಾವದಲ್ಲೇ ಇರಲಿಲ್ಲ. ಸುನಂದಾಳ ಆರು ಸಾವಿರ ಡಾಕ್ಟರ ಮೇಜಿನ ಡ್ರಾಯರು ಸೇರಿತು. ಡಾಕ್ಟರ ಆರು ಸಾವಿರ ಜಂಬುನಾಥನ ಖಾತೆಗೆ ಟಿಂಗ್ ಎಂದು ಬಂತು. ಡಾಕ್ಟರಿಂದ ಬರೆಸಿಕೊಳ್ಳಲು ಅವನು ಮಡಚಿ ತಂದಿದ್ದ ಬಿಳಿಹಾಳೆಯ ಮೇಲೆ ಅವನೇ ರಸೀದಿ ಬರೆದು, ತಾಯಿಯ ಪರವಾಗಿ ರುಜು ಮಾಡಿಕೊಟ್ಟ. ತಾಯಿ ಮಗ ಹೊರಗೆ ಬಂದು ಮಿರ್ಚಿ ಕಟ್ಟಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಟಿಂಗ್ ಕೇಳಿಸಿತು. ಆರು ಸಾವಿರ ಸಾಲದ ಕಂತಿಗೆ ಹೋಗಿತ್ತು.

ಬಳ್ಳಾರಿ ಮುಟ್ಟಿದಾಗ ಕಚೇರಿ ಮುಚ್ಚಿತ್ತು. ಕೂಲರೂ ಇಲ್ಲ, ಮುಂಗಡವೂ ಇಲ್ಲ ಎಂದು ತಿಳಿದ ಸುನಂದಾ ಒಳಗೆ ಹೋಗಿ ಫ್ಯಾನನ್ನು ಐದಕ್ಕೆ ತಿರುಗಿಸಿದಳು. ಅದು ಐದರಲ್ಲೇ ಇತ್ತು. ಉಜ್ಜಿನಪ್ಪ ಗೋಡೆಯ ಹತ್ತಿರ ಕಾದಿದ್ದ. ಖಾತೆಗೆ ಬಂದ ಆರು ಸಾವಿರವನ್ನು ಆದಾಯದಲ್ಲಿ ತೋರಿಸಲು ಮರೆಯಬೇಡ, ಡಾಕ್ಟರು ರಸೀದಿ ಹಾಜರುಪಡಿಸಿದರೆ ನಿನ್ನ ಹೆಸರೇ ಮೊದಲು ಬರುತ್ತದೆ, ಅದಕ್ಕೂ ತೆರಿಗೆ ಬೀಳುತ್ತದೆ ಎಂದ.

ಜಂಬುನಾಥ ಏನೋ ಹೇಳಲು ಅಂಗಳದ ಕುರ್ಚಿಯಿಂದ ರಪ್ಪನೆ ಎದ್ದ. ಎದ್ದವನು ಅರ್ಧಕ್ಕೇ ನಿಂತ. ಸೊಂಟ ಹಿಡಿದಿತ್ತು.

ಸುವರ್ಣಮ್ಮ ತಂಬಿಗೆ ನೀರಿನಲ್ಲಿ ಎಡಗಾಲು ತೊಳೆದುಕೊಂಡು ಬಂದಳು. ಅವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ಎರಡು ಸಲ ಒತ್ತಿದಳು. ಎಲ್ಲೋ ಕಟ್ ಎಂದಿತು, ನೋವು ಬಿಟ್ಟಿತು. ಅವನು ಎದ್ದು ಕೂತಾಗ ತಾಯಿಯ ಅಂಗೈ ಎದುರಿಗೇ ಇತ್ತು. ಜಂಬುನಾಥ ಫೋನು ತೆಗೆದ.

"ಫೋನು ಬ್ಯಾಡ" ಎಂದಳು ಸುವರ್ಣಮ್ಮ. "ಕೈಯಾಗ ಇಡು. ನಗದಾದ್ರ ಲೆಕ್ಕಕ್ಕ ಬರಾಂಗಿಲ್ಲ ಅಂತ ಬಸ್ಸಿನ ತುಂಬಾ ನೀನೇ ಹೇಳಿಲ್ಲೇನು?"